ಭಾತಂಬ್ರಾದ ಕೂಸು, ಟುಲೂಸಿನ ಸಾಲಿ

ಮಗುವನ್ನು ಕೇಳಿ ಯಾರೂ ಊರು ಬಿಡುವುದಿಲ್ಲ. ನೌಕರಿ ಗೊತ್ತಾಗುತ್ತದೆ, ವೀಸಾ ಬರುತ್ತದೆ, ಸಾಮಾನು ಕಟ್ಟಿ ಮುಗಿಯುತ್ತದೆ. ಕೊನೆಗೆ ಒಂದು ಸಂಜೆ ಎಂಟು ವರ್ಷದ ಮಗಳನ್ನು ಹತ್ತಿರ ಕೂರಿಸಿಕೊಂಡು "ನಾವು ಫ್ರಾನ್ಸಿಗಿ ಹೋಗ್ಲತ್ತೀವಿ" ಎಂದು ಹೇಳುತ್ತಾರೆ. ಅವಳ ಗೆಳತಿಯರು, ಈಗಷ್ಟೇ ಕೈಗೆ ಕುದುರಿದ ಅಕ್ಷರ, ರಜೆಗೆ ಊರಿಗೆ ಹೋದಾಗ ಆಯಿಯ ಮಗ್ಗುಲಲ್ಲಿ ಮಲಗುವ ಸುಖ, ಎಲ್ಲವನ್ನೂ ಅವಳ ಪರವಾಗಿ ನಾವೇ ಬಿಟ್ಟುಕೊಟ್ಟಿರುತ್ತೇವೆ. ಹೀಗೆ ಬಿಟ್ಟುಕೊಡುವ ಹಕ್ಕು ತಂದೆ-ತಾಯಿಗೆ ಎಲ್ಲಿಂದ ಬಂತು? ಅದಕ್ಕೆ ಪ್ರತಿಯಾಗಿ ಆ ಮಗುವಿಗೆ ನಾವು ಸಲ್ಲಿಸಬೇಕಾದದ್ದೇನು? ನಮ್ಮ ಬೀದರ ಜಿಲ್ಲೆಯ ಭಾತಂಬ್ರಾದ ಒಂದು ಕುಟುಂಬ ಫ್ರಾನ್ಸಿನ ಟುಲೂಸ್ ನಗರಕ್ಕೆ ಹೋಗಿ ನೆಲೆಸಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಭಾತಂಬ್ರಾದಿಂದ ಟುಲೂಸಿಗೆ ಯಾರೂ ಒಂದೇ ನೆಗೆತಕ್ಕೆ ಹೋಗುವುದಿಲ್ಲ. ಓದಿಗೆ ಭಾಲ್ಕಿ, ಮೊದಲ ನೌಕರಿಗೆ ಹೈದರಾಬಾದು, ಅಲ್ಲಿಂದ ಬೆಂಗಳೂರು, ಆಮೇಲೆ ಸಮುದ್ರದಾಚೆ. ಏರ್‌ಬಸ್ ಕಂಪನಿಯ ಕೇಂದ್ರ ಇರುವುದು ಟುಲೂಸಿನಲ್ಲಿ, ಅದರ ಎಂಜಿನಿಯರಿಂಗ್ ಕಚೇರಿಯೊಂದು ಬೆಂಗಳೂರಿನಲ್ಲಿ. ಬೀದರಿನ ವಾಯುಪಡೆ ನೆಲೆಯ ತರಬೇತಿ ವಿಮಾನಗಳನ್ನು ತಲೆ ಎತ್ತಿ ನೋಡುತ್ತ ಬೆಳೆದ ಹುಡುಗರು ವಿಮಾನ ಕಟ್ಟುವ ಊರಿಗೇ ಹೋಗಿ ಸೇರಿದರೆ ಅದರಲ್ಲಿ ಅಚ್ಚರಿಯೇನಿಲ್ಲ. ಬೀದರಿನ ಕೋಟೆ ಕೆಂಪು ಕಲ್ಲಿನದು. ಟುಲೂಸಿನ ಹಳೆಯ ಮನೆಗಳು ಕೆಂಪು ಇಟ್ಟಿಗೆಯವು. ದೊಡ್ಡವರಿಗೆ ಇಂಥ ಹೋಲಿಕೆಗಳು ಸಮಾಧಾನ ಕೊಡುತ್ತವೆ. ಮಗುವಿಗೆ ಕೊಡುವುದಿಲ್ಲ. ಮರುದಿನದಿಂದ ಆಟದ ಬಯಲಿನಲ್ಲಿ ತನ್ನ ಜತೆ ಯಾರು ನಿಲ್ಲುತ್ತಾರೆ ಎಂಬುದೇ ಅವಳ ಮುಂದಿರುವ ಪ್ರಶ್ನೆ.

ಫ್ರಾನ್ಸಿನ ಏರ್ಪಾಡು ಗಟ್ಟಿಯಾದದ್ದು. ಮೂರರಿಂದ ಹದಿನಾರು ವರ್ಷದವರೆಗೆ ಕಲಿಕೆ ಕಡ್ಡಾಯ. ಮೂರನೆಯ ವಯಸ್ಸಿನಿಂದಲೇ ಎಂಬ ನಿಯಮ ಬಂದದ್ದು 2019ರಲ್ಲಿ. ಸರಕಾರಿ ಸಾಲಿಯಲ್ಲಿ ಫೀ ಇಲ್ಲ, ಡೊನೇಶನ್ ಇಲ್ಲ. ಪ್ರಾಥಮಿಕ ಸಾಲಿಗೆ ಹೆಸರು ಹಚ್ಚುವುದು ನಗರಸಭೆಯಲ್ಲಿ: ಮನೆ ವಿಳಾಸದ ಪುರಾವೆ, ಹುಟ್ಟಿದ ದಾಖಲೆ, ಲಸಿಕೆಯ ಚೀಟಿ ಒಯ್ದರೆ ಯಾವ ಸಾಲಿ ಎಂದು ಅವರೇ ಹೇಳುತ್ತಾರೆ. ಫ್ರೆಂಚ್ ಬಾರದ ಮಕ್ಕಳಿಗಾಗಿ ಕೆಲವು ಸಾಲಿಗಳಲ್ಲಿ ಪ್ರತ್ಯೇಕ ಘಟಕಗಳಿವೆ. ಅಲ್ಲಿ ದಿನದ ಕೆಲ ಹೊತ್ತು ಭಾಷೆ ಕಲಿತು, ಗಣಿತ, ಚಿತ್ರಕಲೆ, ಆಟಕ್ಕೆ ಮಿಕ್ಕ ಮಕ್ಕಳ ಜತೆ ಕೂರುತ್ತಾರೆ. ಗಣಿತವಾದರೂ ಗೊತ್ತಿದ್ದದ್ದೇ ಎಂದುಕೊಂಡರೆ, ಅಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಇಡುತ್ತಾರೆ, ಏಳರ ನಡುವೆ ಒಂದು ಅಡ್ಡಗೆರೆ ಎಳೆಯುತ್ತಾರೆ. ತರಗತಿಯಲ್ಲಿ ಮುಂದಿದ್ದ ಹುಡುಗಿ ಒಂದು ಗೆರೆಯ ಮುಂದೆ ತಡವರಿಸಿ ನಿಲ್ಲುತ್ತಾಳೆ.

ಆಮೇಲೆ ಮೌನ. ಹೊಸ ಭಾಷೆಯೊಳಗೆ ಬಿದ್ದ ಮಕ್ಕಳು ತಿಂಗಳುಗಟ್ಟಲೆ ಮಾತೇ ಆಡದಿರುವುದು ಅಪರೂಪವಲ್ಲ. ಮಕ್ಕಳ ಭಾಷಾಕಲಿಕೆಯನ್ನು ಬಲ್ಲವರಿಗೆಲ್ಲ ಇದು ತಿಳಿದ ಸಂಗತಿ. ತಾಯಿಗೆ ಮಾತ್ರ ಅದು ರಾತ್ರಿ ನಿದ್ದೆಗೆಡಿಸುತ್ತದೆ. ಮನೆಯಲ್ಲಿ ಕೋಳಿಯಂತೆ ಕಲಕಲ ಎನ್ನುತ್ತಿದ್ದ ಕೂಸು ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ ಎಂದು ಟೀಚರು ಹೇಳಿದಾಗ, ತಪ್ಪು ಮಾಡಿಬಿಟ್ಟೆವೇ ಎಂಬ ಅಳುಕು ಏಳುತ್ತದೆ. ಆ ಮೌನವನ್ನು ನಾವು ಸೋಲೆಂದು ಓದುತ್ತೇವೆ. ಮಗು ಆಗ ಸೋತಿರುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತದೆ. ತೊಟ್ಟಿಲಲ್ಲಿ ಮಲಗಿ ಕನ್ನಡವನ್ನು ಕೇಳಿಸಿಕೊಂಡ ಹಾಗೆಯೇ, ಅವಸರವಿಲ್ಲದೆ. ಅವಸರ ಇರುವುದು ನಮಗೆ.

ಪರಭಾಷೆಯ ಸಾಲಿ ನಮ್ಮ ನೆಲಕ್ಕೆ ಹೊಸದಲ್ಲ. ಇರಾನಿನ ಗಿಲಾನ್‌ನಿಂದ ಬಂದ ಮಹಮೂದ್ ಗಾವಾನ ಬೀದರಿನಲ್ಲಿ 1472ರಲ್ಲಿ ಕಟ್ಟಿ ಮುಗಿಸಿದ ಮದರಸಾ ಇಂದಿಗೂ ನಿಂತಿದೆ. ಅಲ್ಲಿ ಪಾಠ ನಡೆದದ್ದು ಅರಬ್ಬಿ, ಪಾರಸಿಗಳಲ್ಲಿ. ಅಷ್ಟು ಹಿಂದೆ ಹೋಗುವುದೂ ಬೇಡ. ನಿಜಾಮನ ಕಾಲದಲ್ಲಿ ಭಾಲ್ಕಿ, ಔರಾದ್ ಸೀಮೆಯ ಹುಡುಗನಿಗೆ ಓದು ಮುಂದುವರಿಸಬೇಕಿದ್ದರೆ ಉರ್ದು ಬೇಕಿತ್ತು. ದಫ್ತರದ ಕಾಗದ ಉರ್ದು, 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದು. ನಮ್ಮ ಮುತ್ಯಾಂದಿರು ಊರು ಬಿಡದೆಯೇ ಪರದೇಶದ ಸಾಲಿಗೆ ಹೋದವರು. ಬೆಳಿಗ್ಗೆ ಹೊಲದಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿಯೂ ಸೇರಿ ಎಲ್ಲ. ಓದಲು ಬಾರದ ಅಪ್ಪನಿಗೆ ಜಮೀನಿನ ನೋಟೀಸನ್ನು ಓದಿ ಹೇಳಿದ್ದು ಸಾಲಿಗೆ ಹೋಗುವ ಮಗನೇ.

ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಕನ್ನಡ ಕಲಿಸಿದರು. ಈ ಮಾತು ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ನವೆಂಬರ್ ಬಂದರೆ ಭಾಷಣಗಳಲ್ಲಿ ಕೇಳುತ್ತೇವೆ. ಕೇಳಿ ಚಪ್ಪಾಳೆ ತಟ್ಟುತ್ತೇವೆ, ಅದರೊಳಗಿನ ವಿವೇಕವನ್ನು ಮಾತ್ರ ಪೂರ್ತಿ ಹೀರಿಕೊಂಡಿಲ್ಲ. ಅವರು ಉರ್ದುವನ್ನು ಬೈಯುತ್ತ ಕೂರಲಿಲ್ಲ, ಬೋರ್ಡಿಗಾಗಿ ಜಗಳಕ್ಕೆ ನಿಂತು ಮಕ್ಕಳ ಓದು ಕೆಡಿಸಲೂ ಇಲ್ಲ. ಹೊರಗಿನ ಲೋಕ ಕೇಳಿದ್ದನ್ನು ಹೊರಗೆ ಕೊಟ್ಟರು. ಒಳಗಿನದನ್ನು ಒಳಗೆ ಜೀವಂತ ಇಟ್ಟರು. ಬಾಗಿಲಾಚೆ ಯಾವ ಬೋರ್ಡು ಇದೆ ಎಂಬುದು ನಮ್ಮ ಕೈಯಲ್ಲಿ ಯಾವಾಗಲೂ ಇರುವುದಿಲ್ಲ. ಒಳಗೆ ಏನು ನಡೆಯುತ್ತದೆ ಎಂಬುದು ಇರುತ್ತದೆ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದು, 1956ರಲ್ಲಿ ಬೀದರ ಕನ್ನಡ ನಾಡನ್ನು ಸೇರಿದಾಗ, ಇಲ್ಲಿ ಕನ್ನಡ ಓದಿ ಬರೆಯಬಲ್ಲ ಒಂದು ಪೀಳಿಗೆ ತಯಾರಿತ್ತೆಂದರೆ ಅದರ ಹಿಂದೆ ಇಂಥ ಒಳಗಿನ ಕೆಲಸ ಇತ್ತು.

ಟುಲೂಸಿಗೂ ಇಂಥದೇ ಒಂದು ಕಥೆ ಇದೆ, ಅದರ ಮುಕ್ತಾಯ ಮಾತ್ರ ಬೇರೆ. ಅದು ಮೂಲದಲ್ಲಿ ಫ್ರೆಂಚ್ ಭಾಷೆಯ ಊರಲ್ಲ, ಆಕ್ಸಿಟಾನ್ ಭಾಷೆಯದು. 1323ರಲ್ಲಿ ಏಳು ಮಂದಿ ಕೂಡಿ ಆ ಭಾಷೆಯ ಕವಿತೆಗಾಗಿ ಅಲ್ಲೊಂದು ಕೂಟ ಕಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫ್ರಾನ್ಸ್ ಎಲ್ಲ ಮಕ್ಕಳಿಗೂ ಸಾಲಿಯನ್ನು ಉಚಿತ, ಕಡ್ಡಾಯ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಸಾಲಿಯ ಭಾಷೆ ಫ್ರೆಂಚ್ ಒಂದೇ. ಆ ದಕ್ಷಿಣ ಸೀಮೆಯ ಹಲವು ಸಾಲಿಗಳಲ್ಲಿ, ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೈಗೆ ಒಂದು ಕಟ್ಟಿಗೆ ತುಂಡನ್ನೋ ಅಂಥದೇ ಇನ್ನೊಂದನ್ನೋ ಕೊಡುತ್ತಿದ್ದರು. ಅದನ್ನು ದಾಟಿಸಬೇಕಾದರೆ ಮನೆಮಾತು ಆಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಸಂಜೆ ಅದು ಯಾರ ಕೈಯಲ್ಲಿ ಉಳಿಯಿತೋ ಆ ಮಗುವಿಗೆ ಶಿಕ್ಷೆ.

ಈ ಕ್ರೌರ್ಯದಿಂದ ಭಾಷೆ ಸೊರಗಿತು ಎಂದು ಸುಲಭವಾಗಿ ಹೇಳಿಬಿಡಬಹುದು. ನಾನು ಹಾಗೆ ಹೇಳಲಾರೆ. ಶಿಕ್ಷೆ ತಿಂದ ಮಕ್ಕಳು ಮನೆಗೆ ಬಂದು ಮತ್ತೆ ಅದೇ ಭಾಷೆಯನ್ನು ಆಡಿದರು. ಭಾಷೆಯ ಎಳೆ ಕಡಿದದ್ದು ಆ ಮಕ್ಕಳು ದೊಡ್ಡವರಾಗಿ, ತಂದೆ-ತಾಯಿಯಾಗಿ, ತಮ್ಮ ಕೂಸುಗಳ ಜತೆ ಆ ಭಾಷೆಯನ್ನು ಆಡುವುದನ್ನು ತಾವಾಗಿಯೇ ನಿಲ್ಲಿಸಿದಾಗ. ನನಗಾದ ಅವಮಾನ ನನ್ನ ಮಗುವಿಗೆ ಬೇಡ ಎಂಬ ಪ್ರೀತಿಯಿಂದ ನಿಲ್ಲಿಸಿದರು. ಸಾಲಿಯ ಕೈಲಾಗದ್ದನ್ನು ಮನೆ ಮಾಡಿತು. ಇಂದು ಟುಲೂಸಿನ ಹಲವು ಬೀದಿಗಳ ಹೆಸರುಗಳು ಎರಡೂ ಭಾಷೆಯಲ್ಲಿವೆ, 2009ರಿಂದ ಮೆಟ್ರೊ ರೈಲಿನಲ್ಲಿ ನಿಲ್ದಾಣದ ಹೆಸರನ್ನು ಆಕ್ಸಿಟಾನ್‌ನಲ್ಲೂ ಕೂಗುತ್ತಾರೆ, ಆ ಭಾಷೆಯಲ್ಲೇ ಕಲಿಸುವ ಕಲಾಂದ್ರೇತಾ ಎಂಬ ಸಾಲಿಗಳೂ ಇವೆ. ಬೋರ್ಡು ಹೊರಗೆ ಬಂದಿದೆ, ಒಳಗೆ ಆಡುವವರು ಕಡಿಮೆಯಾಗಿದ್ದಾರೆ.

ಹಾಗಾಗಿ ನನಗೆ ಭಯ ಫ್ರೆಂಚ್ ಸಾಲಿಯದಲ್ಲ. ಅದು ಮಗುವಿಗೆ ಒಂದು ಲೋಕವನ್ನು ಕೊಡುತ್ತದೆ, ಕೊಡಲಿ. ಭಯ ಇರುವುದು ಮನೆಯ ಪ್ರೀತಿಯ ಬಗ್ಗೆ. ಕೂಸಿಗೆ ಕಷ್ಟವಾದೀತೆಂದು ನಾವೇ ಅರೆಬರೆ ಇಂಗ್ಲಿಷಿಗೆ ಜಾರುತ್ತೇವೆ. ಇದಕ್ಕೆ ಫ್ರಾನ್ಸಿನವರೆಗೆ ಹೋಗಬೇಕಾಗಿಯೂ ಇಲ್ಲ. ಮಕ್ಕಳ ಇಂಗ್ಲಿಷ್ ಮಾಧ್ಯಮಕ್ಕಾಗಿ ಹಳ್ಳಿ ಬಿಟ್ಟು ಭಾಲ್ಕಿಯಲ್ಲೋ ಬೀದರಿನಲ್ಲೋ ಬಾಡಿಗೆ ಮನೆ ಹಿಡಿದ ಎಷ್ಟೋ ತಾಯಂದಿರು, ತಮಗೆ ಪೂರ್ತಿ ಬಾರದ ಭಾಷೆಯಲ್ಲಿ ಕೂಸನ್ನು ಮುದ್ದು ಮಾಡುವುದನ್ನು ನಾನು ಕಂಡಿದ್ದೇನೆ. ಬಾರದ ಭಾಷೆಯಲ್ಲಿ ಮಗುವಿಗೆ ಆಜ್ಞೆ ಮಾಡಬಹುದು. ಅದರ ಕನಸಿಗೆ, ಅಂಜಿಕೆಗೆ, ಸಾವಿರ ಪ್ರಶ್ನೆಗಳಿಗೆ ಉತ್ತರ ಕೊಡಲು ಆಗುವುದಿಲ್ಲ.

ಟುಲೂಸಿನ ಮನೆಯ ಒಂದು ಸಂಜೆಯನ್ನು ಹೇಳುತ್ತೇನೆ. ಅಕ್ಟೋಬರ್ ತಿಂಗಳು. ಅಲ್ಲಿ ನಾಲ್ಕೂವರೆ, ಭಾತಂಬ್ರಾದಲ್ಲಿ ರಾತ್ರಿ ಎಂಟು. ಆಯಿ ರೊಟ್ಟಿ ಬಡಿದು ಮುಗಿಸಿ ಫೋನಿನ ಮುಂದೆ ಕೂತಿದ್ದಾಳೆ. "ಸಾಲ್ಯಾಗ ಇವತ್ತ ಏನ್ ಹೇಳಿಕೊಟ್ರವ್ವ?" ಹುಡುಗಿ ಸುಮ್ಮನೆ ತಾಯಿಯ ಮುಖ ನೋಡಿದಳು. ಕಲಿತದ್ದೆಲ್ಲ ಫ್ರೆಂಚಿನಲ್ಲಿದೆ, ಹೇಳುವುದು ಹೇಗೆ? ತಾಯಿ ಉತ್ತರಿಸಲು ಹೋದಳು. ಆಯಿ ಬಿಡಲಿಲ್ಲ: "ಆಕಿನೇ ಹೇಳ್ಲಿ. ಕೈಯಾಗಿಂದ ಏನದ?" ಸಾಲಿಯ ಅಂಗಳದಲ್ಲಿ ಆರಿಸಿಕೊಂಡ ಕಂದು ಬಣ್ಣದ ಕಾಯಿ ಅದು. "ಇದು ಮರೋಂ, ಆಯಿ." "ತಿನ್ಲಾಕ ಬರ್ತದೇನು?" "ಇಲ್ಲ. ತಿಂದ್ರ ಹೊಟ್ಟಿ ನೋಯ್ತದ. ಆಡ್ಲಾಕಷ್ಟೇ." ಅಲ್ಲಿಂದ ಮಾತು ಹರಿಯಿತು. ಮರ ಎಷ್ಟು ಎತ್ತರ, ಎಲೆ ಯಾಕೆ ಉದುರುತ್ತದೆ, ಟೀಚರು ಏನಂದರು, ಎಲ್ಲವೂ ಬೀದರ ಕನ್ನಡದಲ್ಲಿ. ಆಯಿ "ಮರೋಂ" ಎನ್ನಲು ಹೋಗಿ ತಪ್ಪಿದಾಗ ಮೊಮ್ಮಗಳು ತಿದ್ದಿದಳು. ಮುದುಕಿ ತನ್ನ ಮೊಮ್ಮಗಳ ಸಾಲಿಯನ್ನು ಅಂಜಿಕೆಯಿಲ್ಲದೆ ಮನೆಯೊಳಗೆ ಬರಗೊಟ್ಟಳು. ಕೂಸಿಗೆ ಬೇಕಾದದ್ದು ಇದೇ.

ಇನ್ನೊಂದು ಸಂಗತಿ ಇದೆ, ಅದು ತಂದೆ-ತಾಯಿಗೆ ಸೇರಿದ್ದು. ವರ್ಷ ಕಳೆಯುವಷ್ಟರಲ್ಲಿ ಮಗು ಫ್ರೆಂಚಿನಲ್ಲಿ ತಂದೆಯನ್ನು ದಾಟಿ ಹೋಗಿರುತ್ತದೆ. ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುವುದರಿಂದ ತಂದೆ ಕಲಿಯಲು ಹೋಗಿರುವುದಿಲ್ಲ. ಸಾಲಿಯಿಂದ ಬರುವ ಸೂಚನೆಯ ಪುಸ್ತಕ, ವೈದ್ಯರ ಮಾತು, ನಗರಸಭೆಯ ಪತ್ರ, ಎಲ್ಲವೂ ಕೂಸಿನ ಬಾಯಿಂದಲೇ ಮನೆಗೆ ತಲುಪಬೇಕು. ನಿಜಾಮನ ಕಾಲದ ಅಪ್ಪನಿಗೆ ಬೇರೆ ದಾರಿ ಇರಲಿಲ್ಲ, ಇವರಿಗೆ ಇದೆ. ದೊಡ್ಡವರ ಹೊರೆಯನ್ನು ಎಂಟು-ಹತ್ತು ವರ್ಷದ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಮಗುವನ್ನು ಕೇಳದೆ ಕರೆದೊಯ್ದವರು ಅದರ ಜತೆ ತಾವೂ ಮಣೆಯ ಮೇಲೆ ಕೂತು ಮೊದಲಿಂದ ಕಲಿಯಬೇಕು. ಕೇಳದೆ ಕರೆದೊಯ್ದ ಹಕ್ಕಿಗೆ ನನಗೆ ಕಾಣುವ ಋಣಸಂದಾಯ ಅದೊಂದೇ.

ಹೊರಡಲು ಅಣಿಯಾಗಿರುವ ನಮ್ಮ ಸೀಮೆಯ ತಂದೆ-ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ಫ್ರೆಂಚನ್ನು ನೀವೂ ಕಲಿಯಿರಿ. ಮನೆಯಲ್ಲಿ ಬೀದರ ಕನ್ನಡವನ್ನೇ ಆಡಿರಿ, ಪುಸ್ತಕದ ಕನ್ನಡಕ್ಕಾಗಿ ಕಾಯಬೇಡಿ. ಎಳ್ಳ ಅಮಾವಾಸ್ಯೆಗೆ ಹೊಲ ಸಿಗದಿದ್ದರೂ ಭಜ್ಜಿ ಮಾಡಿ, ಅದು ಯಾಕೆಂದು ಕೂಸು ಕೇಳಿದರೆ ಕೂತು ಹೇಳಿರಿ. ಭಾಲ್ಕಿಯ ಬಾಡಿಗೆ ಮನೆಯಲ್ಲಿ ಇರುವವರಿಗೂ ನನ್ನ ಕೋರಿಕೆ ಇದೇ.