ಐದು ಮಿಲಿಮೀಟರ್ ಒತ್ತುವರಿ

ನಮ್ಮ ಬಳ್ಳಾರಿ ಕಡೆ 'ಒತ್ತುವರಿ' ಅನ್ನೋ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಬದು ಒಂದು ಗೇಣು ಸರಿದರೆ ಅಣ್ಣತಮ್ಮಂದಿರು ಮಾತು ಬಿಡ್ತಾರೆ. ಗಣಿಗಾರಿಕೆಯ ಭರಾಟೆಯಲ್ಲಿ ಕರ್ನಾಟಕ-ಆಂಧ್ರ ಗಡಿಯ ಗುರುತುಗಳೇ ಅಳಿಸಿಹೋಗಿ, ಸರ್ವೆ ಆಫ್ ಇಂಡಿಯಾದವರು ಬಂದು ಮತ್ತೆ ಗೆರೆ ಗುರುತಿಸಬೇಕಾಯ್ತು. ನಾನು ಪ್ಯಾಥಾಲಜಿಸ್ಟ್. ನನ್ನ ಕೆಲಸವೂ ಹೆಚ್ಚುಕಡಿಮೆ ಇದೇ: ಮೈಕ್ರೋಸ್ಕೋಪಿನಡಿ ಒತ್ತುವರಿ ಅಳೆಯೋದು.

ಶ್ವಾಸಕೋಶದ ಅಡಿನೋಕಾರ್ಸಿನೋಮಾವನ್ನೇ ತಗೊಳ್ಳಿ. ಕೆಲವು ಗಡ್ಡೆಗಳಲ್ಲಿ ಕ್ಯಾನ್ಸರ್ ಕೋಶಗಳು ಗಾಳಿಚೀಲಗಳ ಗೋಡೆಗುಂಟ, ಕರೆಂಟು ತಂತಿ ಮೇಲೆ ಗುಬ್ಬಿಗಳು ಕೂತಂತೆ, ಸಾಲಾಗಿ ಕೂತಿರುತ್ತವೆ. ಗೋಡೆಯೊಳಗೆ ನುಗ್ಗಿರುವುದಿಲ್ಲ. 2011ರ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ, 3 ಸೆಂ.ಮೀ. ಒಳಗಿನ ಗಡ್ಡೆ ಪೂರ್ತಿ ಹೀಗೇ ಇದ್ದರೆ ಅದು 'ಇನ್ ಸೈಟು', ಅಂದರೆ ಇದ್ದಲ್ಲೇ ಇರುವುದು. ಅಂಥದೇ ಗಡ್ಡೆಯಲ್ಲಿ ಒಳನುಗ್ಗಿದ ಭಾಗ 5 ಮಿ.ಮೀ. ಮೀರದಿದ್ದರೆ 'ಮಿನಿಮಲಿ ಇನ್ವೇಸಿವ್'. ಮೀರಿದರೆ 'ಇನ್ವೇಸಿವ್'. ಮೊದಲ ಎರಡರಲ್ಲಿ ಗಡ್ಡೆಯನ್ನು ಪೂರ್ತಿ ತೆಗೆದರೆ, ಐದು ವರ್ಷದ ನಂತರವೂ ಆ ಕಾಯಿಲೆಯಿಂದ ಸಾಯುವವರು ಇಲ್ಲವೆನ್ನುವಷ್ಟು ಕಡಿಮೆ.

ಕೇಳೋಕೆ ಸುಲಭ. ಆದರೆ ಕತ್ತರಿಸಿ ತೆಗೆದ ಶ್ವಾಸಕೋಶ ಗಾಳಿ ಹೋದ ಬಲೂನಿನಂತೆ ಮುದುಡಿಕೊಳ್ಳುತ್ತೆ. ಗೋಡೆಗಳು ಒಂದಕ್ಕೊಂದು ಅಂಟಿ, ಗೋಡೆ ಮೇಲೆ ಸುಮ್ಮನೆ ಕೂತ ಕೋಶಗಳೂ ಒಳಗೆ ನುಗ್ಗಿದಂತೆ ಕಾಣಿಸ್ತವೆ. ಆಗ ಎಲಾಸ್ಟಿಕ್ ನಾರುಗಳಿಗೆ ಬಣ್ಣ ಹಿಡಿಸಿ ಹಳೇ ಗೋಡೆ ಎಲ್ಲಿತ್ತು ಅಂತ ಹುಡುಕ್ತೀವಿ. ಅವು ನಮ್ಮ ಗಡಿಕಲ್ಲು. ಇಷ್ಟಾದರೂ ಒಂದೇ ಸ್ಲೈಡ್ ನೋಡಿದ ಅನುಭವಿಗಳು ಬೇರೆ ಬೇರೆ ಉತ್ತರ ಕೊಡೋದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಕುರುಗೋಡು ಕಡೆಯ ತಾಯಿಯೊಬ್ಬರ ಸ್ಲೈಡಿನಲ್ಲಿ ನಮಗೂ ಹಾಗೇ ಆಯ್ತು. ನನ್ನ ಅಳತೆ 4 ಮಿ.ಮೀ., ಹಿರಿಯ ಸಹೋದ್ಯೋಗಿಯದು 6. "ಡೌಟ್ ಇದ್ದಾಗ ದೊಡ್ಡದನ್ನೇ ಬರೆದುಬಿಡಿ, ಸೇಫ್" ಅಂದರು.

ಸೇಫ್, ಸರಿ. ಯಾರಿಗೆ?

ನಾನು ಕಡಿಮೆ ಬರೆದು ಕಾಯಿಲೆ ಮರುಕಳಿಸಿದರೆ ನನ್ನ ಸಹಿಯ ಮೇಲೆ ಬೆರಳು ಬೀಳುತ್ತೆ. ಹೆಚ್ಚು ಬರೆದರೆ ಯಾರೂ ಕೇಳೋದಿಲ್ಲ. ಈ ಗಡಿಯಲ್ಲಿ ಚಿಕಿತ್ಸೆ ಸಾಮಾನ್ಯವಾಗಿ ಬದಲಾಗುವುದಿಲ್ಲ, ಎರಡಕ್ಕೂ ಆಪರೇಷನ್ನೇ. ಬದಲಾಗೋದು ಆಕೆಯ ಮುಂದಿನ ದಿನಗಳು. 'ಇನ್ವೇಸಿವ್' ಅನ್ನೋ ಪದ ರಿಪೋರ್ಟಿನಲ್ಲಿ ಕೂತರೆ ಪ್ರತಿ ಕೆಮ್ಮಿಗೂ ಮನೆಯವರೆಲ್ಲ ಬೆಚ್ಚಿಬೀಳ್ತಾರೆ. ನನ್ನ ಸುರಕ್ಷತೆಯ ಖರ್ಚನ್ನು ಆಕೆ ಭರಿಸಬೇಕು.

ಹಾಗಂತ ಕರುಣೆಯಿಂದ ಕಡಿಮೆ ಬರೆಯೋದೂ ಸುಳ್ಳೇ. ಕ್ಯಾನ್ಸರಿನ ಹಂತ ನಿರ್ಧರಿಸುವ ಟಿಎನ್‌ಎಂ ಪದ್ಧತಿಯಲ್ಲಿ ಇದಕ್ಕೊಂದು ಸಾಮಾನ್ಯ ನಿಯಮವಿದೆ: ಎರಡು ವರ್ಗಗಳ ನಡುವೆ ಅನುಮಾನವಿದ್ದರೆ ಕೆಳಗಿನದನ್ನೇ ಆರಿಸಿ. ಇದರಲ್ಲಿ ದಯೆಯ ಮಾತಿಲ್ಲ. ಸಾಕ್ಷಿ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತಾಡು, ಅಷ್ಟೇ. ಇನ್ನೊಂದು ಕಡೆ, 'ನುಗ್ಗಿಲ್ಲ' ಅನ್ನೋಕೆ ಇಡೀ ಗಡ್ಡೆಯನ್ನೇ ಪರೀಕ್ಷಿಸಬೇಕು. ಸೂಜಿಯಲ್ಲಿ ತೆಗೆದ ಚೂರು ನೋಡಿ ಆ ಮಾತು ಹೇಳುವಂತಿಲ್ಲ. ಅಂದರೆ ಅನುಮಾನದ ಲಾಭ ಕೊಡುವ ಮೊದಲು ಅನುಮಾನವನ್ನು ದುಡಿದು ಗಳಿಸಿರಬೇಕು.

ನಾವೂ ಮತ್ತೆ ಸೆಕ್ಷನ್ ಕತ್ತರಿಸಿ, ಬಣ್ಣ ಹಾಕಿ, ಒಟ್ಟಿಗೇ ಕೂತು ನೋಡಿದೆವು. ಜಗಳದ ಆ 2 ಮಿ.ಮೀ.ನಲ್ಲಿ ಹಳೇ ಗೋಡೆಯ ನಾರುಗಳು ಬಹುಪಾಲು ಹಾಗೇ ಇದ್ದವು. 4 ಮಿ.ಮೀ. ಅಂತ ಬರೆದು, ಮುದುಡಿದ ಜಾಗದಲ್ಲಿ ಅಳತೆ ಕಷ್ಟವಾಯ್ತು ಅನ್ನೋದನ್ನೂ ಸೇರಿಸಿದೆವು. ಮಗ ಬಂದು ಕೇಳಿದ: "ಸರ್, ಒಳಗ ಹೊಕ್ಕೈತೋ ಇಲ್ಲೋ, ಒಂದ್ ಮಾತು ಹೇಳ್ರಿ." "ಸ್ವಲ್ಪ ಹೊಕ್ಕೈತಪ್ಪ, ಪೂರ್ತಿ ತೆಗೆದಾರ" ಅಂದೆ.

ನಿಮ್ಮ ಆಫೀಸಿನಲ್ಲೂ ಇಂಥ ಗೆರೆಗಳಿರುತ್ತವೆ: ಯಾರದೋ ಅಪ್ರೈಸಲ್, ಯಾರದೋ ಸಾಲದ ಅರ್ಜಿ. ಅನುಮಾನ ಬಂದಾಗ ಕೆಂಪು ಶಾಯಿ ಹಚ್ಚೋದು ಎಚ್ಚರಿಕೆಯಂತೆ ಕಾಣುತ್ತೆ. ಹಚ್ಚುವ ಮುಂಚೆ, ಅದು ಯಾರನ್ನು ಕಾಯ್ತಿದೆ ಅಂತ ಒಮ್ಮೆ ಕೇಳಿಕೊಳ್ಳಿ.