ಸೇವೆಗೂ ಓದು ಬೇಕೇ?

ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ನಮ್ಮ ಹಿರೀಸಾವೆಯಂಥ ಊರುಗಳ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಮಗ ಬಿ.ಕಾಂ. ಎಂದರೆ ಯಾರೂ ಏಕೆಂದು ಕೇಳುವುದಿಲ್ಲ. ಮಗಳು ನರ್ಸಿಂಗ್ ಎಂದರೂ ಹಿರಿಯರಿಗೆ ಅರ್ಥವಾಗುತ್ತದೆ. ಆದರೆ ಸಮಾಜಕಾರ್ಯ ಓದುತ್ತೇನೆ, ಬಿ.ಎಸ್.ಡಬ್ಲ್ಯು. ಸೇರುತ್ತೇನೆ ಎಂದು ಯಾರಾದರೂ ಹೇಳಿದರೆ ಮನೆಯಲ್ಲಿ ಪ್ರಶ್ನೆಗಳು ಏಳುತ್ತವೆ. ಖಿದ್ಮತ್ ಮಾಡಲಿಕ್ಕೂ ಕಾಲೇಜು ಬೇಕೇ? ನೆರೆಮನೆಯ ಬಾಣಂತಿಗೆ ಗಂಜಿ ಕಾಯಿಸಿಕೊಟ್ಟ ನಮ್ಮ ಅಜ್ಜಿ ಯಾವ ಡಿಗ್ರಿ ಪಡೆದಿದ್ದಳು? ಅದಿರಲಿ, ಬಡವರ ಕಣ್ಣೀರು ಒರೆಸಿ ತಿಂಗಳಿಗೊಮ್ಮೆ ಸಂಬಳ ಎಣಿಸಿಕೊಂಡರೆ ಅದು ಸೇವೆ ಹೇಗಾದೀತು?

ಓದುಗರೇ, ಈ ಪ್ರಶ್ನೆಗಳನ್ನು ಅವಿದ್ಯಾವಂತರ ಮಾತೆಂದು ತಳ್ಳಿಹಾಕಬೇಡಿ. ಇವುಗಳಲ್ಲಿ ಸತ್ಯದ ಅಂಶವಿದೆ. ಸಾವಾದ ಮನೆಗೆ ಅಕ್ಕಪಕ್ಕದವರು ಅಡುಗೆ ಮಾಡಿ ಕಳಿಸುವುದಕ್ಕೆ ಯಾವ ಪ್ರಮಾಣಪತ್ರವೂ ಬೇಕಿಲ್ಲ. ಕರುಣೆಯು ಅಲ್ಲಾಹನು ಮನುಷ್ಯನ ಹೃದಯದಲ್ಲಿ ಇಟ್ಟಿರುವ ಕೊಡುಗೆ. ಅದನ್ನು ಯಾವ ಕಾಲೇಜೂ ಕೊಡಲಾರದು. ಆದರೆ ಕರುಣೆ ಇದ್ದ ಮಾತ್ರಕ್ಕೆ ಕೆಲಸ ಸರಿಯಾಗುತ್ತದೆಯೇ? ನಾವು ಯೋಚಿಸಬೇಕಾದದ್ದು ಇದನ್ನೇ.

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ಅಬೂದಾವೂದ್‌ರ ಹದೀಸ್ ಸಂಗ್ರಹದಲ್ಲಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ಸ್ನಾನ ಕಡ್ಡಾಯವಾದಾಗ ಅವರು, ನನಗೆ ತಯಮ್ಮುಮ್ ಸಾಕಾಗುವುದೇ ಎಂದು ಜೊತೆಗಾರರನ್ನು ವಿಚಾರಿಸಿದರು. ನೀರು ಇರುವಾಗ ಆ ರಿಯಾಯಿತಿ ಇಲ್ಲ ಎಂದು ಅವರು ಹೇಳಿಬಿಟ್ಟರು. ಗಾಯಾಳು ಸ್ನಾನ ಮಾಡಿದರು, ಅದರಿಂದಲೇ ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಬಹಳ ಕಟುವಾಗಿ ಖಂಡಿಸಿದರು. ಗೊತ್ತಿಲ್ಲದಿದ್ದಾಗ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳಿ ತಿಳಿಯುವುದೇ ಮದ್ದು ಎಂಬುದು ಅವರ ಮಾತಿನ ಸಾರ. ಆ ಜೊತೆಗಾರರು ಕೆಟ್ಟವರಾಗಿರಲಿಲ್ಲ. ಧರ್ಮವನ್ನು ಪಾಲಿಸಬೇಕೆಂಬ ಕಾಳಜಿಯೇ ಅವರಲ್ಲಿತ್ತು. ಆದರೂ ಒಂದು ಜೀವ ಹೋಯಿತು.

ಇದು ಹಳೆಯ ಕಾಲದ ಮಾತಾಯಿತು ಎನ್ನುವಿರಾ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನು ನೆನೆಯಿರಿ. ದರ್ಗಾದ ಊರಾದ ಅಲ್ಲಿನ ಒಂದು ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಲಾಗಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಇಂಥ ಕಡೆಗೆ ರೋಗಿಗಳನ್ನು ಕರೆತರುವ ಕುಟುಂಬಗಳೆಲ್ಲ ದ್ವೇಷದಿಂದ ಕರೆತರುವುದಿಲ್ಲ. ಗುಣವಾದೀತೆಂಬ ಆಸೆಯಿಂದ, ಬೇರೆ ದಾರಿ ತಿಳಿಯದೆ ಬರುತ್ತಾರೆ. ಇದು ರೋಗ, ಇದಕ್ಕೆ ಚಿಕಿತ್ಸೆ ಇದೆ, ಮಾತ್ರೆ ಬಿಡಿಸಬೇಡಿ ಎಂದು ಮನೆಬಾಗಿಲಿಗೆ ಬಂದು ತಾಳ್ಮೆಯಿಂದ ಹೇಳುವವರು ಇದ್ದರೆ ಎಷ್ಟೋ ಮನೆಗಳ ಕಥೆ ಬೇರೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕೆಲಸಕ್ಕಾಗಿಯೇ ತರಬೇತಿ ಕೊಡುವ ಪ್ರತ್ಯೇಕ ವಿಭಾಗವಿದೆ. ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾನೂನು ನಿಷೇಧಿಸಿದೆ. ಆದರೆ ಕಾನೂನು ತಾನಾಗಿ ನಡೆದು ಹಳ್ಳಿಗೆ ಬರುವುದಿಲ್ಲ. ಅದನ್ನು ಬಲ್ಲ ಮನುಷ್ಯರು ತರಬೇಕು.

ಸೇವೆಯನ್ನು ಕಲಿಸುವ ಶಾಲೆಗಳು ಹುಟ್ಟಿದ್ದು ಈ ಅಗತ್ಯದಿಂದಲೇ. 1898ರಲ್ಲಿ ನ್ಯೂಯಾರ್ಕಿನಲ್ಲಿ ದಾನಕಾರ್ಯ ಮಾಡುವವರಿಗಾಗಿ ಆರು ವಾರಗಳ ಬೇಸಿಗೆ ತರಗತಿ ಆರಂಭವಾಯಿತು. ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ 1936ರಲ್ಲಿ ಮುಂಬಯಿಯಲ್ಲಿ ತೆರೆಯಿತು. ನಮ್ಮ ನಾಡಿನಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಅಲ್ಲಿ ಕಲಿಸುವುದೇನು? ಪುಸ್ತಕದ ಪಾಠ ಅರ್ಧ, ಕ್ಷೇತ್ರಕಾರ್ಯ ಅರ್ಧ. ವಿದ್ಯಾರ್ಥಿ ಆಸ್ಪತ್ರೆಗೆ, ಕೊಳೆಗೇರಿಗೆ, ಹಳ್ಳಿಗೆ ಹೋಗಬೇಕು. ಕಂಡದ್ದನ್ನು ಬರೆದು ಅಧ್ಯಾಪಕರಿಗೆ ಒಪ್ಪಿಸಿ ತಪ್ಪು ತಿದ್ದಿಸಿಕೊಳ್ಳಬೇಕು. ಎದುರಿಗಿರುವವರ ಮಾತನ್ನು ಮಧ್ಯೆ ಕಡಿಯದೆ ಕೇಳುವುದು, ಕೇಳಿದ ಗುಟ್ಟನ್ನು ಅಮಾನತ್ತಿನಂತೆ ಕಾಯುವುದು, ತೀರ್ಮಾನವನ್ನು ಅವರ ಕೈಯಲ್ಲೇ ಬಿಡುವುದು, ಇವೆಲ್ಲ ಅಲ್ಲಿನ ಪಾಠಗಳು.

ಒಂದು ಉದಾಹರಣೆ ನೋಡಿ. ಗಂಡ ತೀರಿಕೊಂಡ ಒಬ್ಬ ಹೆಣ್ಣುಮಗಳು ಇದ್ದಾಳೆಂದು ಇಟ್ಟುಕೊಳ್ಳಿ. ರಮಝಾನಿನಲ್ಲಿ ಅವಳಿಗೆ ಅಕ್ಕಿ, ಎಣ್ಣೆಯ ಚೀಲ ಕೊಟ್ಟು ಫೋಟೊ ತೆಗೆದುಕೊಂಡು ನಾವು ಸಮಾಧಾನದಿಂದ ಮನೆಗೆ ಬರುತ್ತೇವೆ. ಅವಳ ಹನ್ನೆರಡು ವರ್ಷದ ಮಗ ಶಾಲೆ ಬಿಟ್ಟು ಹೆದ್ದಾರಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮರಣ ಪ್ರಮಾಣಪತ್ರ ಮಾಡಿಸದೆ ಅವಳ ವಿಧವಾ ವೇತನ ನಿಂತಿರುವುದೂ ತಿಳಿಯುವುದಿಲ್ಲ. ಕಲಿತವರು ಮೊದಲು ಕುಳಿತು ಕೇಳುತ್ತಾರೆ. ಆಮೇಲೆ ಅವಳ ಜೊತೆ ನಾಡಕಚೇರಿಗೆ ಹೋಗುತ್ತಾರೆ, ಶಾಲೆಯ ಹೆಡ್‌ಮಾಸ್ತರರನ್ನು ಕಾಣುತ್ತಾರೆ. ಚೀಲದ ಅಕ್ಕಿ ಒಂದು ತಿಂಗಳಿಗೆ ಮುಗಿಯುತ್ತದೆ; ಈ ಓಡಾಟದ ಫಲ ಆ ಹುಡುಗನ ಬದುಕಿನುದ್ದಕ್ಕೂ ಇರುತ್ತದೆ. ಬೇಡಲು ನಾಚುವ ಬಡವರನ್ನು ಅರಿಯದವರು ಅನುಕೂಲಸ್ಥರೆಂದೇ ಭಾವಿಸುತ್ತಾರೆ ಎಂದು ಪವಿತ್ರ ಕುರ್‌ಆನ್‌ನ ಅಲ್‌ಬಕರ ಅಧ್ಯಾಯವು ತಿಳಿಸುತ್ತದೆ. ಅಂಥವರನ್ನು ಗುರುತಿಸುವ ಕಣ್ಣು ಅಭ್ಯಾಸದಿಂದ ಬರುತ್ತದೆ.

ಇನ್ನು ಸಂಬಳದ ಪ್ರಶ್ನೆ. ಝಕಾತ್ ಯಾರಿಗೆ ಸಲ್ಲಬೇಕೆಂದು ಅತ್ತೌಬ ಅಧ್ಯಾಯದ 60ನೇ ಸೂಕ್ತದಲ್ಲಿ ಎಂಟು ವರ್ಗಗಳನ್ನು ಹೆಸರಿಸಲಾಗಿದೆ. ಬಡವರು, ನಿರ್ಗತಿಕರು ಆದ ಬಳಿಕ ಮೂರನೆಯ ಸ್ಥಾನ ಯಾರದು? ಝಕಾತಿನ ಕೆಲಸ ನಿರ್ವಹಿಸುವವರದು! ಝಕಾತ್ ಸಂಗ್ರಹಿಸಿದ ಒಬ್ಬರಿಗೆ ಖಲೀಫ ಉಮರ್(ರ) ವೇತನ ಕೊಡಿಸಿದಾಗ, ನಾನು ಅಲ್ಲಾಹನಿಗಾಗಿ ದುಡಿದೆ, ಪ್ರತಿಫಲ ಅವನ ಬಳಿ ಇದೆ ಎಂದು ಅವರು ನಿರಾಕರಿಸಿದರು. ಆಗ ಉಮರ್(ರ), ಪ್ರವಾದಿವರ್ಯರ(ಸ) ಕಾಲದಲ್ಲಿ ನಾನೂ ಹೀಗೆಯೇ ಹೇಳಿದ್ದೆ ಎಂದರು. ಕೇಳದೆ ಬಂದದ್ದನ್ನು ಸ್ವೀಕರಿಸು, ಉಣ್ಣು, ದಾನವನ್ನೂ ಮಾಡು ಎಂಬ ಅರ್ಥದ ಉತ್ತರ ತಮಗೆ ದೊರೆತಿತ್ತೆಂದು ತಿಳಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ವರದಿ ಇದೆ. ಸೇವಕನಿಗೂ ಹೊಟ್ಟೆ ಇದೆ, ಮನೆ ಇದೆ. ಉಚಿತ ಸೇವೆ ಮಾತ್ರವೇ ಸೇವೆ ಎಂದರೆ, ಅನುಕೂಲಸ್ಥರ ಮಕ್ಕಳು ಮಾತ್ರ ಅದನ್ನು ಮಾಡಬಲ್ಲರು, ಅದೂ ಬಿಡುವಿದ್ದಾಗ. ಬಡವನ ಕಷ್ಟ ನಮ್ಮ ಬಿಡುವಿಗಾಗಿ ಕಾಯುವುದಿಲ್ಲ.

ಆದರೆ ಹಿರಿಯರ ಅಂಜಿಕೆಯನ್ನು ಪೂರ್ತಿ ಮರೆಯಬೇಡಿ. ಸೇವೆಯನ್ನು ಕೆಡಿಸುವುದು ಸಂಬಳವಲ್ಲವಾದರೂ ಅದನ್ನು ಕೆಡಿಸುವ ಬೇರೆ ಸಂಗತಿಗಳಿವೆ. ದಿನವೂ ದುಃಖವನ್ನೇ ನೋಡುವವರ ಹೃದಯಕ್ಕೆ ಜಡ್ಡು ಕಟ್ಟಬಹುದು. ಎದುರಿಗೆ ನಿಂತ ತಾಯಿ ಒಂದು ಫೈಲಾಗಿ, ಒಂದು ‘ಕೇಸ್’ ಆಗಿ ಕಾಣತೊಡಗಬಹುದು. ಉಪಕಾರ ಎತ್ತಿ ಆಡಿ ಮನ ನೋಯಿಸಿದರೆ ದಾನವೇ ವ್ಯರ್ಥವಾಗುತ್ತದೆ ಎಂಬ ಎಚ್ಚರಿಕೆ ಕೊಡುವವರಿಗೂ ಇದೆ, ಕೊಡಿಸುವವರಿಗೂ ಇದೆ. ಪದವಿ ಕೈಯನ್ನು ಪಳಗಿಸುತ್ತದೆ. ನಿಯ್ಯತ್ತನ್ನು ಪ್ರತಿದಿನವೂ ನಾವೇ ಶುದ್ಧಗೊಳಿಸಿಕೊಳ್ಳಬೇಕು.

ತಂದೆತಾಯಿಯರೇ, ಮಕ್ಕಳು ಈ ಓದಿಗೆ ಆಸೆಪಟ್ಟರೆ ಸಂಬಳ ಕಡಿಮೆ, ಓಡಾಟ ಹೆಚ್ಚು ಎಂದು ನೀವು ಹೇಳುವುದು ನ್ಯಾಯವೇ. ಕೆಲಸ ಖಾಯಂ ಆಗುವ ಭರವಸೆ ಇಲ್ಲವೆಂಬುದನ್ನೂ ಮುಚ್ಚಿಡಬೇಡಿ. ಎಲ್ಲವನ್ನೂ ತಿಳಿದು ಅವರು ಹೊರಡಲಿ. ಆದರೆ ಸೇವೆಗೆ ಓದು ಬೇಕಿಲ್ಲ ಎಂದು ಮಾತ್ರ ಹೇಳಬೇಡಿ. ನಮ್ಮ ಮಗುವಿಗೆ ಜ್ವರ ಬಂದರೆ ಕಲಿತ ವೈದ್ಯರನ್ನೇ ಹುಡುಕುತ್ತೇವಲ್ಲ! ಹಾಗಾದರೆ ಅನಾಥನ ಪಾಲಿಗೆ, ವಿಧವೆಯ ಪಾಲಿಗೆ, ಬುದ್ಧಿ ಕಲಕಿದವನ ಪಾಲಿಗೆ ಕಲಿಯದ ಕೈ ಸಾಕೆಂದು ನಾವು ಯಾವ ಬಾಯಿಂದ ಹೇಳೋಣ?