ವಂಶದ ಗುಣವೂ ವಂಶದ ದೋಷವೂ

ಒಂದು ವಸ್ತುವಿನ ಅವಯವಗಳೆಲ್ಲವೂ ಕಾಲಕ್ರಮದಲ್ಲಿ ಬದಲಾದ ಮೇಲೆಯೂ ಅದನ್ನು ಅದೇ ವಸ್ತುವೆನ್ನಬಹುದೇ? ‘ಆ ದೇವದತ್ತನೇ ಈತನು’ ಎಂಬ ನಿದರ್ಶನವನ್ನು ಮುಂದಿಟ್ಟುಕೊಂಡು ನಮ್ಮ ಶಾಸ್ತ್ರಕಾರರು ಈ ವಿಷಯವನ್ನು ಬಹುವಾಗಿ ಚರ್ಚಿಸಿರುವರು. ಪಾಠಶಾಲೆಯಲ್ಲಿ ಅದನ್ನು ಓದಿದ ನನಗೆ, ಅದರ ಇನ್ನೊಂದು ಮುಖವು ಮೋಟಾರು ಯಂತ್ರವೊಂದರ ಚರಿತ್ರೆಯಲ್ಲಿ ಗೋಚರವಾಯಿತೆಂದರೆ ವಾಚಕರು ನಗಬಾರದು.

ಇಂಗ್ಲೆಂಡಿನ ಆಸ್ಟಿನ್ ಕಾರ್ಖಾನೆಯು 1951ರಲ್ಲಿ ಎ-30 ಎಂಬ ಸಣ್ಣ ಕಾರಿಗಾಗಿ 803 ಘನ ಸೆಂಟಿಮೀಟರಿನ ಎಂಜಿನನ್ನು ಹೊರತಂದಿತು. ‘ಎ-ಸೀರೀಸ್’ ಎಂದು ಪ್ರಸಿದ್ಧವಾದ ವಂಶಕ್ಕೆ ಅದೇ ಮೂಲಪುರುಷ. 1956ರಲ್ಲಿ ಮಾರಿಸ್ ಮೈನರ್ ಕಾರಿಗಾಗಿ ಅದು 948ಕ್ಕೆ ಬೆಳೆಯಿತು. 1959ರ ಮಿನಿ ಕಾರಿನಲ್ಲಿ ಅಲೆಕ್ ಇಸ್ಸಿಗೋನಿಸ್ ಎಂಬ ಯಂತ್ರಶಿಲ್ಪಿಯು ಅದನ್ನು ಅಡ್ಡಲಾಗಿ ತಿರುಗಿಸಿ, ಗೇರುಪೆಟ್ಟಿಗೆಯನ್ನು ಅದರ ಅಡಿಯಲ್ಲಿಯೇ ಇರಿಸಿ, ಎರಡಕ್ಕೂ ಒಂದೇ ಎಣ್ಣೆಯು ಒದಗುವಂತೆ ಮಾಡಿದನು. ಆಗಿನ ಗಾತ್ರ 848. ಮುಂದೆ ‘ಕೂಪರ್ ಎಸ್’ ಮಾದರಿಗಳಲ್ಲಿ ಸಿಲಿಂಡರುಗಳನ್ನು ಅಗಲಿಸುವುದಕ್ಕಾಗಿ ಅವುಗಳ ಸ್ಥಾನಗಳನ್ನೇ ಸರಿಸಿದರು. 1964ರಲ್ಲಿ ಗಾತ್ರವು 1275ಕ್ಕೆ ಮುಟ್ಟಿತು. 1980ರಲ್ಲಿ ಮೆಟ್ರೋ ಕಾರಿಗಾಗಿ ‘ಎ-ಪ್ಲಸ್’ ಎಂಬ ಪರಿಷ್ಕೃತ ರೂಪವು ಬಂದಿತು. ಕಡೆಗೆ ಕಾರ್ಬುರೇಟರು ಹೋಗಿ ಇಂಧನವನ್ನು ಸಿಂಪಡಿಸುವ ಸಾಧನವು ಬಂದಿತು. 2000ದಲ್ಲಿ ಹಳೆಯ ಮಿನಿಯೊಡನೆ ವಂಶವು ನಿಂತಿತು.

ಗಾತ್ರ, ನಿಲುವು, ಇಂಧನದ ಕ್ರಮ ಎಲ್ಲವೂ ಬದಲಾದುವು. ಉಳಿದುದು ಅಂಗಗಳ ಸಂಯೋಜನೆ: ಎರಕದ ಕಬ್ಬಿಣದಲ್ಲಿ ಸಾಲಾಗಿ ನಾಲ್ಕು ಸಿಲಿಂಡರುಗಳು, ತಲೆಯ ಮೇಲಿನ ಕವಾಟಗಳು, ಅವನ್ನು ಕೆಳಗಿನಿಂದ ನೂಕುವ ಕಡ್ಡಿಗಳು. ಈ ಸರಳತೆಯೇ ಅದರ ದೀರ್ಘಾಯುಷ್ಯಕ್ಕೆ ಕಾರಣವೆನ್ನಬಹುದು. ಆದರೆ ಇದರ ಜೊತೆಯಲ್ಲಿ ಮತ್ತೊಂದೂ ಉಳಿಯಿತು. ನಾಲ್ಕು ಸಿಲಿಂಡರುಗಳಿಗೆ ಇಂಧನವು ಒಳಸೇರುವ ದಾರಿಗಳು ಎರಡೇ. ನೆರೆಯವೆರಡಕ್ಕೆ ಒಂದು ದಾರಿ. ಒಂದರ ಪಾಲನ್ನು ಇನ್ನೊಂದು ಸೆಳೆದುಕೊಳ್ಳುವ ದೋಷವು ಇದರಿಂದುಂಟಾಯಿತು. ಅಗ್ಗದ ಸಣ್ಣ ಕಾರಿಗೆ ಒಪ್ಪುವ ಮಿತವ್ಯಯವು ಮೊಮ್ಮಕ್ಕಳಿಗೂ ಆಸ್ತಿಯಾಗಿ ಇಳಿಯಿತು.

ಇದನ್ನು ತಿಳಿದಾಗ ನನಗೆ ನನ್ನ ಅಧ್ಯಾಪನವು ನೆನಪಾಯಿತು. ನಮ್ಮ ಗುರುಗಳ ಕಾಲದಲ್ಲಿ ಇಬ್ಬರು ಹುಡುಗರಿಗೆ ಒಂದೇ ಪುಸ್ತಕ. ಆದುದರಿಂದ ಎಲ್ಲರೂ ಒಟ್ಟಾಗಿ ಗಟ್ಟಿಯಾಗಿ ಓದಬೇಕೆಂಬ ನಿಯಮವಿತ್ತು. ನಾನು ಪಾಠ ಹೇಳುವ ವೇಳೆಗೆ ಪ್ರತಿಯೊಬ್ಬನಿಗೂ ಪುಸ್ತಕವಿದ್ದಿತು. ನಿಯಮವನ್ನು ಮಾತ್ರ ನಾನು ಬಿಡಲಿಲ್ಲ. ತೊದಲುವ ಹುಡುಗನೊಬ್ಬನು ತಾನು ಮನಸ್ಸಿನಲ್ಲಿಯೇ ಓದುವೆನೆಂದು ಬೇಡಿಕೊಂಡನು. ‘ಇದು ಗುರುಪರಂಪರೆ’ ಎಂದೆ. ಸಹಪಾಠಿಗಳ ನಗೆಯನ್ನು ತಾಳಲಾರದೆ ಅವನು ವರ್ಷದ ನಡುವೆಯೇ ಶಾಲೆಯನ್ನು ಬಿಟ್ಟನು.

ಗುರುಗಳಿಂದ ನನಗೆ ಬಂದುದು ವಿದ್ಯೆಯೋ ಅಥವಾ ಅವರ ಕಾಲದ ಪುಸ್ತಕಗಳ ಅಭಾವವೋ ಎಂದು ನಾನು ವಿಚಾರಿಸಲಿಲ್ಲ. ಪರಂಪರೆಯನ್ನು ಕಾಪಾಡುವವನು ಮೊದಲು ಮಾಡಬೇಕಾದ ವಿಚಾರವು ಅದೇ ಆಗಿತ್ತು. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಅದನ್ನು ಒಂದು ಎಂಜಿನಿನಿಂದ ಕಲಿತೆನೆಂದು ಹೇಳಲು ನನಗೆ ಸಂಕೋಚವಿಲ್ಲ. ಆ ಹುಡುಗನಿಗೆ ಅದರಿಂದ ಪ್ರಯೋಜನವಾಗದಲ್ಲಾ ಎಂಬುದೇ ವ್ಯಥೆ.